ಊರೆಲ್ಲ ಹೊಗಳಿದ ಹೋಟೆಲ್, ಆರಿಹೋದ ಊಟ

ಪ್ರಶ್ನೆ: ಅಪ್ಪ-ಅಮ್ಮನ ಮದುವೆಯಾಗಿ 25 ವರ್ಷ ತುಂಬಿತೆಂದು ಶನಿವಾರ ರಾತ್ರಿ 14 ಜನ ಊರಿನ ಹೊಸ ರೆಸ್ಟೋರೆಂಟ್‌ಗೆ ಹೋಗಿದ್ದೆವು. ರೀಲ್ಸ್ ನೋಡಿ ಬುಕ್ ಮಾಡಿದ್ದು. ಊಟಕ್ಕೆ 50 ನಿಮಿಷ ಕಾದೆವು. ಗ್ರೇವಿ ಬಂದು ಆರಿದ ಮೇಲೆ ನಾನ್ ಬಂತು, ಪನೀರ್ ರಬ್ಬರಿನ ಹಾಗಿತ್ತು. ₹8,400 ಊಟಕ್ಕೆ ₹9,702 ಬಿಲ್. ಸರ್ವೀಸ್ ಚಾರ್ಜ್ ಏಕೆ ಎಂದು ಕೇಳಿದರೆ ‘ಎಲ್ಲರೂ ಕೊಡ್ತಾರೆ ಸಾರ್’ ಅಂದರು. ಈಗ ಏನಾದರೂ ಮಾಡಬಹುದೇ?
– ಓದುಗರು, ತುಮಕೂರು

ಉತ್ತರ: ರುಚಿಯ ಬಗ್ಗೆ ದೂರು ಕೊಟ್ಟು ಗೆಲ್ಲುವುದು ಕಷ್ಟ. ಬಿಲ್ಲಿನ ವಿಷಯದಲ್ಲಿ ಮಾತ್ರ ನಿಮ್ಮ ಕೈ ಗಟ್ಟಿಯಾಗಿದೆ. ಲೆಕ್ಕ ಹಾಕಿ ನೋಡಿ: ₹8,400ಕ್ಕೆ ಶೇ. 10 ಸರ್ವೀಸ್ ಚಾರ್ಜ್ ₹840, ಎರಡೂ ಸೇರಿದ ₹9,240ರ ಮೇಲೆ ಶೇ. 5 ಜಿಎಸ್‌ಟಿ ₹462. ಅಂದರೆ ಸರ್ವೀಸ್ ಚಾರ್ಜಿಗೂ ತೆರಿಗೆ ಹಾಕಿದ್ದಾರೆ. ಸರ್ವೀಸ್ ಚಾರ್ಜ್ ಇಲ್ಲದಿದ್ದರೆ ಬಿಲ್ ₹8,820 ಆಗುತ್ತಿತ್ತು. ನಿಮಗೆ ವಾಪಸ್ ಬರಬೇಕಾದ್ದು ₹882.

ಸರ್ವೀಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ನಿಮ್ಮಿಷ್ಟ. ಬಿಲ್ ಮತ್ತು ಯುಪಿಐ ಪಾವತಿಯ ಫೋಟೊ ಇಟ್ಟು, ಮೊದಲು ಹೋಟೆಲಿನವರಿಗೇ ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ₹882 ಕೇಳಿ. ಬರೀ ಫೋನಿನಲ್ಲಿ ಕೇಳಿದರೆ ದಾಖಲೆ ಉಳಿಯದು. ಜಗ್ಗದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅದೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ಹೋಗಬೇಕು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಇನ್ನು ಊಟ ಕೆಟ್ಟಿದ್ದೇಕೆ? ಈರುಳ್ಳಿ, ಟೊಮೆಟೊ, ಗೋಡಂಬಿ ರುಬ್ಬಿದ ಮಸಾಲೆ ಮಧ್ಯಾಹ್ನವೇ ಕುದಿಸಿಟ್ಟಿರುತ್ತಾರೆ. ಪನೀರ್ ಹಾಕಿ ಇಳಿಸುವುದು ಐದಾರು ನಿಮಿಷದ ಕೆಲಸ. ನಾನ್ ಹಾಗಲ್ಲ. ತಲೆಗೆ ಎರಡರಂತೆ 28 ಬೇಕು, ತಂದೂರಿ ಒಲೆಯ ಗೋಡೆಗೆ ಒಮ್ಮೆಗೆ ಹಿಡಿಸುವುದು ಕೆಲವೇ. ಶನಿವಾರ ಬೇರೆ ಟೇಬಲ್‌ಗಳದ್ದೂ ಅದೇ ಒಲೆ. ಅಷ್ಟರಲ್ಲಿ ಗ್ರೇವಿ ಆರುತ್ತದೆ. ಮತ್ತೆ ಒಲೆಗಿಟ್ಟು ಕುದಿಸಿದರೆ ಪನೀರ್ ನೀರು ಬಿಟ್ಟು ಬಿಗಿಯುತ್ತದೆ. ನೀವು ಹೇಳಿದ ರಬ್ಬರ್ ಇದೇ ಇರಬೇಕು.

ಮುಂದಿನ ಸಲ 14 ಜನಕ್ಕೆ ಒಂಬತ್ತು ಬಗೆ ಗ್ರೇವಿ ಬೇಡ. ಮೂರು ಬಗೆ, ತಲಾ ಎರಡು ಪ್ಲೇಟ್ ಸಾಕು. ನಾನ್ ಹತ್ತತ್ತರಂತೆ ಹೇಳಿ, ಮೊದಲ ಕಂತು ಮುಗಿಯುವ ಮುನ್ನವೇ ಎರಡನೆಯದು ಕೂಗಿ. ಆರಿದ್ದು ಬಂದರೆ ಎರಡು ಚಮಚ ತಿಂದಾಗಲೇ ಕ್ಯಾಪ್ಟನ್‌ನನ್ನು ಕರೆದು, ಹೊಸದಾಗಿ ಮಾಡಿಕೊಡಿ ಅಥವಾ ಬಿಲ್ಲಿನಿಂದ ತೆಗೆಯಿರಿ ಎನ್ನಿ. ಬಟ್ಟಲು ಬಳಿದ ಮೇಲೆ ಹೇಳಿದರೆ ಯಾರು ಕೇಳುತ್ತಾರೆ?

ಪ್ರಶ್ನೆ: ಮುಂದಿನ ತಿಂಗಳು ಮಗಳ ಮೊದಲ ಹುಟ್ಟುಹಬ್ಬ. ಇಪ್ಪತ್ತು ಜನರನ್ನು ಹೊರಗೆ ಊಟಕ್ಕೆ ಕರೆಯುತ್ತಿದ್ದೇವೆ. ಒಳ್ಳೆಯ ಜಾಗವೆಂದು ತಿಳಿಯುವುದು ಹೇಗೆ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮೊದಲು ದಿನ ಬದಲಿಸಿ. ಶನಿವಾರ, ಭಾನುವಾರ ಸಂಜೆ ನಂದಿಬೆಟ್ಟ, ಆದಿಯೋಗಿ ನೋಡಿ ಬೆಂಗಳೂರಿಗೆ ವಾಪಸಾಗುವ ಜನ ನಿಮ್ಮ ಹೈವೇ ಹೋಟೆಲ್‌ಗಳಲ್ಲಿ ತುಂಬಿರುತ್ತಾರೆ. ಬುಧವಾರ ರಾತ್ರಿ ಏಳೂವರೆಗೆ ಅದೇ ಅಡುಗೆಭಟ್ಟ ಬೇರೆಯೇ ಅಡುಗೆ ಮಾಡುತ್ತಾನೆ!

ಐದು ಸ್ಟಾರ್ ವಿಮರ್ಶೆಗಳನ್ನು ಬಿಡಿ. ಇತ್ತೀಚಿನವು ಮೇಲೆ ಬರುವಂತೆ ಮಾಡಿಕೊಂಡು ಎರಡು-ಮೂರು ಸ್ಟಾರ್ ಕೊಟ್ಟವರನ್ನು ಓದಿ. ‘ಲೇಟು’, ‘ತಣ್ಣಗಿತ್ತು’ ಎಂಬ ಮಾತು ಮತ್ತೆ ಮತ್ತೆ ಬಂದರೆ ಅದು ಅಡುಗೆಮನೆಯ ರೋಗ. ಮೆನು ಎಷ್ಟು ಪುಟವಿದೆ ನೋಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂಗಡಿಗಳಿಗೆ ಹೆಸರು ಬಂದದ್ದು ಒಂದೇ ತಿಂಡಿಯಿಂದ. ಪಾಸ್ತಾ, ಮಂಚೂರಿ, ಬಿರಿಯಾನಿ, ಮುದ್ದೆ ಎಲ್ಲ ಒಂದೇ ಕಾರ್ಡಿನಲ್ಲಿದ್ದರೆ ಅರ್ಧ ಫ್ರಿಜ್‌ನಿಂದಲೇ ಬರಬೇಕು.

ಜನ ಕಡಿಮೆಯಿರುವ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಫೋನ್ ಮಾಡಿ: ಹೊರಗಿನ ಕೇಕ್ ತರಬಹುದೇ, ಅದಕ್ಕೆ ಹಣ ಕೇಳುತ್ತೀರಾ? ಅಲಂಕಾರಕ್ಕೆ ಎಷ್ಟು? ಅಡ್ವಾನ್ಸ್ ಕೊಟ್ಟು ರದ್ದು ಮಾಡಿದರೆ ವಾಪಸ್ ಎಷ್ಟು? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಸ್ಟಾರ್ಟರ್ ಮತ್ತು ಬಿರಿಯಾನಿಯ ಆರ್ಡರ್ ಹಿಂದಿನ ದಿನವೇ ಕೊಟ್ಟುಬಿಡಿ. ಮಗುವಿಗೆ ಖಾರವಿಲ್ಲದ ಬಿಸಿ ಅನ್ನ, ತುಪ್ಪ ಸಿಗುತ್ತದೆಯೇ ಎಂದೂ ಕೇಳಿ. ಆವತ್ತಿನ ಅತಿಥಿ ಅವಳೇ ಅಲ್ಲವೇ.

ಪ್ರಶ್ನೆ: ಹೋಟೆಲ್‌ನಲ್ಲಿ ₹20ರ ನೀರಿನ ಬಾಟಲಿಗೆ ₹60 ಹಾಕಿದ್ದರು. ಇದು ಅನ್ಯಾಯವಲ್ಲವೇ?
– ಓದುಗರು, ಕೋಲಾರ

ಉತ್ತರ: ಹೊಟ್ಟೆ ಉರಿಯುತ್ತದೆ, ಆದರೆ ಬಾಟಲಿಯ ಮೇಲಿನ ಬೆಲೆ ತೋರಿಸಿ ಜಗಳವಾಡಿ ಫಲವಿಲ್ಲ. ಹೋಟೆಲ್‌ನಲ್ಲಿ ಕೂರಿಸಿ ಬಡಿಸುವುದು ಸೇವೆ, ಹಾಗಾಗಿ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂತ ಕೂಡಲೇ ‘ಬಾಟಲಿ ಬೇಡ, ಜಗ್‌ನಲ್ಲಿ ನೀರು ಕೊಡಿ’ ಎಂದುಬಿಡಿ.