ಹೆಸರು ಇಟ್ಟವರು ಯಾರು?

ಹೊಸನಗರದ ಗೆಳೆಯರಿಗೆ,

ನೀವು ಕಳಿಸಿದ 'ಗಾಯಕರು ಮತ್ತು ಅವರ ಅಸಲಿ ಹೆಸರುಗಳು' ಲೇಖನ ಓದಿದೆ. ಕಾಗುಣಿತದ ತಪ್ಪು ಕಡಿಮೆ. ಹುಡುಕಾಟದ ಶ್ರಮ ಕಾಣುತ್ತದೆ. ಕೊಟ್ಟ ಹೆಸರುಗಳು ಬಹುಪಾಲು ಸರಿಯಾಗಿಯೇ ಇವೆ. ಹೊಗಳಿಕೆ ಇಷ್ಟು ಸಾಕು ಅಂದುಕೊಳ್ಳುತ್ತೇನೆ.

ಇದ್ದ ಹಾಗೇ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಐದು ಪುಟದ ಲೇಖನ. ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು, ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. 'ಕಿಶೋರ್ ಕುಮಾರ್ ಅಸಲಿ ಹೆಸರು ಆಭಾಸ್ ಕುಮಾರ್ ಗಂಗೂಲಿ!' 'ಎಲ್ಟನ್ ಜಾನ್ ಅಸಲಿ ಹೆಸರು ರೆಜಿನಾಲ್ಡ್ ಡ್ವೈಟ್!' 'ಫ್ರೆಡ್ಡಿ ಮರ್ಕ್ಯುರಿ ಅಸಲಿ ಹೆಸರು ಫರ್ರೋಖ್ ಬಲ್ಸಾರಾ!' ನಿಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹುಡುಗ ಸಾಗರದ ಬಸ್ಸು ಬರುವಷ್ಟರಲ್ಲಿ ಮೊಬೈಲಿನಲ್ಲಿ ಇದಷ್ಟನ್ನೂ ನೋಡಿ ಮುಗಿಸುತ್ತಾನೆ. ಅವನು ದುಡ್ಡು ಕೊಟ್ಟು ನಮ್ಮ ಪತ್ರಿಕೆ ಯಾಕೆ ಕೊಳ್ಳಬೇಕು?

ಎಲ್ಲ ತಕರಾರನ್ನೂ ಹೇಳುತ್ತಾ ಕೂರುವುದಿಲ್ಲ. ನನಗೆ ನಿಜಕ್ಕೂ ಕಿರಿಕಿರಿ ಆಗಿದ್ದು ಎರಡೇ ಕಡೆ. ಆ ಸಾಲುಗಳನ್ನು ಇಟ್ಟುಕೊಂಡೇ ಮಾತಾಡುತ್ತೇನೆ.

ನಿಮ್ಮ ಒಂದನೇ ಪುಟದ ಸಾಲು: 'ಶಿವಮೊಗ್ಗದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ರಹಸ್ಯ ಹೆಸರು ಜಿ. ಸುಬ್ರಹ್ಮಣ್ಯಂ!'

ಅಲ್ರೀ, ಇದರಲ್ಲಿ ರಹಸ್ಯ ಏನು ಬಂತು? ನಮ್ಮ ಕಡೆ ಸುಬ್ರಹ್ಮಣ್ಯ ಅಂತ ಹೆಸರಿಟ್ಟ ಮಗು ತೊಟ್ಟಿಲಿಂದ ಇಳಿಯುವ ಮೊದಲೇ ಸುಬ್ಬಣ್ಣ ಆಗಿರುತ್ತದೆ. ಅದು ವೇದಿಕೆಗೆ ಅಂತ ಇಟ್ಟುಕೊಂಡ ಹೆಸರಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ಹೆಸರು. ನಿಮ್ಮ ಮನೆಯ ಅಕ್ಕಪಕ್ಕದಲ್ಲೇ ನಾಲ್ಕು ಜನ ಸುಬ್ಬಣ್ಣಂದಿರು ಇರಬಹುದು, ಒಬ್ಬರ ಆಧಾರ್ ಕಾರ್ಡಿನಲ್ಲೂ ಹಾಗೆ ಇರಲಿಕ್ಕಿಲ್ಲ.

ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು 'ಶಿವಮೊಗ್ಗದಲ್ಲಿ ಹುಟ್ಟಿದ' ಅನ್ನುವುದು. ಅವರು ಹುಟ್ಟಿದ್ದು 1938ರಲ್ಲಿ, ನಗರದಲ್ಲಿ. ಬಿದನೂರು ಕೋಟೆ ಇರುವ ನಗರ. ನಿಮ್ಮದೇ ತಾಲ್ಲೂಕು! ನಿಮ್ಮ ಮನೆಯಿಂದ ಅಲ್ಲಿಗೆ ಎಷ್ಟು ದೂರ? ವಕೀಲರಾಗಿದ್ದವರು, 'ಕಾಡು ಕುದುರೆ' ಹಾಡಿದರು, ರಾಷ್ಟ್ರಪ್ರಶಸ್ತಿ ಪಡೆದ ಕನ್ನಡದ ಮೊದಲ ಹಿನ್ನೆಲೆ ಗಾಯಕ ಅನ್ನಿಸಿಕೊಂಡರು. 2022ರಲ್ಲಿ ತೀರಿಕೊಂಡಾಗ ಇದೆಲ್ಲ ಎಲ್ಲ ಪತ್ರಿಕೆಗಳಲ್ಲೂ ಬಂತು. ನಿಮ್ಮ ತಾಲ್ಲೂಕಿನ ಮನುಷ್ಯನನ್ನು ನೀವೇ ಜಿಲ್ಲಾ ಕೇಂದ್ರಕ್ಕೆ ಬಿಟ್ಟುಕೊಟ್ಟರೆ ಹೇಗೆ?

ಇಲ್ಲಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ನಗರದಲ್ಲಿ ಹುಟ್ಟಿದವರ ಹೆಸರಿಗೆ ಶಿವಮೊಗ್ಗ ಯಾಕೆ ಅಂಟಿತು? ಸುಮ್ನೆ ಯೋಚನೆ ಮಾಡಿ. ಶಿವಮೊಗ್ಗದ ಒಳಗೆ ಓಡಾಡುವ ಮನುಷ್ಯನನ್ನು ಯಾರೂ ಶಿವಮೊಗ್ಗ ಸುಬ್ಬಣ್ಣ ಅನ್ನುವುದಿಲ್ಲ. ಊರು ಬಿಟ್ಟು ಹೊರಗೆ ಹಾಡಲು ಹೋದಾಗ ಇವರು ಎಲ್ಲಿಯವರು ಅಂತ ಯಾರೋ ಕೇಳುತ್ತಾರೆ, ಕೇಳಿದವರಿಗೆ ಗೊತ್ತಿರುವ ಊರನ್ನು ಹೇಳಬೇಕಾಗುತ್ತದೆ. ಗಾಯಕರ ಹೆಸರಿನ ಹಿಂದೆಮುಂದೆ ಇರುವ ಊರು ಎಷ್ಟೋ ಸಲ ಹುಟ್ಟಿದ ಊರಾಗಿರುವುದೇ ಇಲ್ಲ. ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಆಗಿನ ಹೆಸರು ಗಾಂಧಾರಿ. ಲತಾ ಮಂಗೇಶ್ಕರ್ ಹುಟ್ಟಿದ್ದು ಇಂದೋರಿನಲ್ಲಿ, ಮನೆಯವರು ಮೊದಲು ಇಟ್ಟ ಹೆಸರು ಹೇಮಾ. ಮಂಗೇಶಿ ಇರುವುದು ಗೋವಾದಲ್ಲಿ. ಅಲ್ಲಿಯವರಾದ ಅಪ್ಪ ದೀನಾನಾಥರು ಆ ಊರನ್ನು ಹೆಸರಿಗೆ ಸೇರಿಸಿಕೊಂಡರು. ಮಲ್ಲಿಕಾರ್ಜುನ ಮನ್ಸೂರರು ಮಾತ್ರ ಮನ್ಸೂರಿನಲ್ಲೇ ಹುಟ್ಟಿದವರು. ಚೌಡಯ್ಯನವರ ಹೆಸರಿನ ಮುಂದಿನ 'ಟಿ' ತಿರುಮಕೂಡಲು. ಆದರೆ ಜನ ಅವರಿಗೆ ಊರನ್ನೂ ಬಿಟ್ಟು ಪಿಟೀಲನ್ನೇ ಹಚ್ಚಿ ಪಿಟೀಲು ಚೌಡಯ್ಯ ಅಂದರು. (ಇನ್ನೊಂದು ಮಾತು. 2014ರಲ್ಲಿ ನಮ್ಮೂರಿನ ಇಂಗ್ಲಿಷ್ ಹೆಸರು ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಎಷ್ಟೋ ಇಂಗ್ಲಿಷ್ ಬರಹಗಳಲ್ಲಿ ಸುಬ್ಬಣ್ಣ ಈಗಲೂ ಹಳೇ ಸ್ಪೆಲ್ಲಿಂಗಿನಲ್ಲೇ ಸಿಗುತ್ತಾರೆ.) ಇಷ್ಟೆಲ್ಲ ಇರುವ ಕಡೆ ನೀವು ಒಂದು ಸಾಲು ಬರೆದು ಫ್ರೆಡ್ಡಿ ಮರ್ಕ್ಯುರಿ ಓದಿದ ಪಂಚಗಣಿಗೆ ಹಾರಿಬಿಟ್ಟಿದ್ದೀರಿ.

ಎರಡನೇ ಪುಟದ ಸಾಲು: 'ತಮ್ಮ ಹೆಸರಿಗೆ ಗ್ಲಾಮರ್ ಇಲ್ಲವೆಂದು ಬೇಸತ್ತು ಇವರೆಲ್ಲ ಹೊಸ ಹೆಸರು ಇಟ್ಟುಕೊಂಡರು.'

ಇವರೆಲ್ಲ ಅಂದರೆ ಯಾರು? ಆ ಸಾಲಿನ ಕೆಳಗೆ ಕುಮಾರ ಗಂಧರ್ವ ಇದ್ದಾರೆ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿ. ಹಾಡು ಕೇಳಿ ಮೆಚ್ಚಿದ ಸ್ವಾಮಿಗಳೊಬ್ಬರು ಆ ಹೆಸರು ಕೊಟ್ಟಾಗ ಅವರಿನ್ನೂ ಚಿಕ್ಕ ಹುಡುಗ. ಆ ವಯಸ್ಸಿನ ಹುಡುಗ ಗ್ಲಾಮರ್ ಇಲ್ಲ ಅಂತ ಬೇಸತ್ತಿದ್ದನೇ? 1992ರಲ್ಲಿ ತೀರಿಕೊಳ್ಳುವವರೆಗೂ ಅವರು ಕುಮಾರನೇ. ತಲೆ ನೆರೆತರೂ ಹುಡುಗನ ಹೆಸರು ಬಿಡಲಿಲ್ಲ. ಇದನ್ನು ನೀವು ಗಮನಿಸಿದ್ದರೆ ಅದೇ ಒಂದು ಪ್ಯಾರಾ ಆಗುತ್ತಿತ್ತು. ಅವರ ಕೆಳಗೆ ಸವಾಯಿ ಗಂಧರ್ವ, ಅಂದರೆ ಕುಂದಗೋಳದ ರಾಂಭಾವು, ಭೀಮಸೇನ ಜೋಶಿಯವರ ಗುರು. ಅವರ ಕೆಳಗೆ ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ. ಅವರಿಗೆ ಆ ಹೆಸರು ಕೊಟ್ಟವರು ತಿಲಕರು ಅನ್ನುವ ಮಾತಿದೆ. ಮೂರು ಗಂಧರ್ವರಲ್ಲಿ ಒಬ್ಬರೂ ಅದನ್ನು ತಾವಾಗಿ ಆರಿಸಿಕೊಂಡವರಲ್ಲ. ಕೇಳಿದವರು ಕೊಟ್ಟಿದ್ದು. ಕೊಟ್ಟ ಮೇಲೆ ಆ ಹೆಸರಿಗೆ ತಕ್ಕ ಹಾಗೆ ಹಾಡುವುದು ಅವರ ಪಾಡು.

ಅದೇ ಪುಟದಲ್ಲಿ ಇಳಯರಾಜ. 'ಅಸಲಿ ಹೆಸರು ಜ್ಞಾನದೇಶಿಕನ್!' ಅಂತ ಬರೆದು ಕೈ ತೊಳೆದುಕೊಂಡಿದ್ದೀರಿ. ಶಾಲೆಗೆ ಸೇರಿಸುವಾಗ ಅಪ್ಪ ಅದನ್ನು ರಾಜಯ್ಯ ಮಾಡಿದರು. ಸಂಗೀತ ಕಲಿಸಿದ ಧನರಾಜ್ ಮಾಸ್ತರು ರಾಜ ಅಂತ ಕರೆದರು. 1976ರಲ್ಲಿ ಮೊದಲ ಸಿನಿಮಾಕ್ಕೆ ಸಂಗೀತ ಕೊಡುವಾಗ ಎ.ಎಂ. ರಾಜ ಅನ್ನುವ ಇನ್ನೊಬ್ಬ ರಾಜ ಆಗಲೇ ಹೆಸರು ಮಾಡಿದ್ದರು. ಹಾಗಾಗಿ ನಿರ್ಮಾಪಕ ಪಂಚು ಅರುಣಾಚಲಂ ಇವರನ್ನು ಇಳಯರಾಜ, ಅಂದರೆ ಚಿಕ್ಕ ರಾಜ ಮಾಡಿದರು. ಅಪ್ಪ, ಮಾಸ್ತರು, ನಿರ್ಮಾಪಕ. ಒಬ್ಬೊಬ್ಬರೂ ಒಂದೊಂದು ಕಾರಣಕ್ಕೆ ಅದೇ ಮನುಷ್ಯನ ಹೆಸರನ್ನು ತಿದ್ದಿದರು. ಇದರಲ್ಲಿ ಗ್ಲಾಮರ್ ಎಲ್ಲಿದೆ? ನಮ್ಮ ಮುತ್ತುರಾಜ್ 1954ರಲ್ಲಿ ರಾಜ್‌ಕುಮಾರ್ ಆಗಿದ್ದೂ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರಿಂದ. ನೀವು ಹೆಸರನ್ನು ಮಾತ್ರ ಬರೆಯುತ್ತೀರಿ, ಅದನ್ನು ಇಟ್ಟವರನ್ನು ಬಿಟ್ಟುಬಿಡುತ್ತೀರಿ. ಇದೇ ನನ್ನ ಮುಖ್ಯ ತಕರಾರು.

ನನಗೆ ಈ ಚಟ ಹತ್ತಿದ್ದು ಶಿವಮೊಗ್ಗದ ಗಾಂಧಿಬಜಾರಿನ ಹಿಂದಿನ ಓಣಿಯ ಒಂದು ಪ್ರೆಸ್ಸಿನಲ್ಲಿ. ಅಲ್ಲೊಂದು ವಾರಪತ್ರಿಕೆ ಅಚ್ಚಾಗುತ್ತಿತ್ತು, ನಾನು ಅಲ್ಲಿ ಕರಡು ತಿದ್ದುವ ಹುಡುಗ. ಪತ್ರಿಕೆಯಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಪ್ರೆಸ್ ನಡೆಯುತ್ತಿದ್ದುದು ಮದುವೆ ಕಾಗದ ಮತ್ತು ಹ್ಯಾಂಡ್‌ಬಿಲ್ಲಿನಿಂದ. ಗಣಪತಿ ಹಬ್ಬ ಹತ್ತಿರ ಬಂದರೆ ಆರ್ಕೆಸ್ಟ್ರಾದವರು ಒದ್ದೆ ಛತ್ರಿ ಹಿಡಿದು ಸಾಲಾಗಿ ಬರುತ್ತಿದ್ದರು. ಸಾಗರದ ಮಾರಿಕಾಂಬಾ ಜಾತ್ರೆ ಇರುವ ವರ್ಷ ಬೇಸಿಗೆಗೆ ಮುಂಚೆ ಇನ್ನೊಂದು ಸುತ್ತು. ಗುಲಾಬಿ ಕಾಗದ, ಹಳದಿ ಕಾಗದ. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ಪಿ.ಬಿ.ಎಸ್., ಮಲೆನಾಡ ಕೋಗಿಲೆ. ಕೋಗಿಲೆಗಳಂತೂ ತಾಲ್ಲೂಕಿಗೆ ಎರಡು ಇರುತ್ತಿದ್ದವು. ಪಿ.ಬಿ. ಶ್ರೀನಿವಾಸ್ ಹೆಸರಿನ ಪಿ.ಬಿ. ಅಂದರೆ ಪ್ರತಿವಾದಿ ಭಯಂಕರ ಅಂತ ಆ ಜೂನಿಯರ್‌ಗೂ ಗೊತ್ತಿರಲಿಲ್ಲ. ಅಷ್ಟು ಮೆತ್ತಗಿನ ದನಿಯವರ ಮನೆತನಕ್ಕೆ ಅಂಥ ಹೆಸರು!

ಒಂದು ಮಧ್ಯಾಹ್ನ ರಿಪ್ಪನ್‌ಪೇಟೆ ಕಡೆಯ ಒಬ್ಬ ಗಾಯಕ ಬಂದ. ಹ್ಯಾಂಡ್‌ಬಿಲ್ಲಿನ ನೆತ್ತಿಯ ಮೇಲೆ ತನ್ನ ಹೆಸರೇ ಬರಬೇಕು, ಒಂದೇ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಅಂದ. ದಪ್ಪ ಅಕ್ಷರ ಅಂದರೆ ಮರದ ಅಚ್ಚುಮೊಳೆ. ಅದರಲ್ಲಿ ಒತ್ತಕ್ಷರ ಎಲ್ಲವೂ ಇರುತ್ತಿರಲಿಲ್ಲ, ಇದ್ದವೂ ಸವೆದಿದ್ದವು. ಇವನದು ಮನೆದೇವರು, ತಾತ, ಎಲ್ಲ ಸೇರಿದ ಉದ್ದ ಹೆಸರು, ನಡುವೆ ಎರಡು ಒತ್ತು. ಮೊಳೆ ಜೋಡಿಸುವವರು ಗ್ಯಾಲಿ ಅನ್ನುವ ತಟ್ಟೆಯ ಮೇಲೆ ಅಕ್ಷರ ಇಟ್ಟು ತೋರಿಸಿದರು. ಮೂರು ಅಕ್ಷರ ಆಚೆಗೇ ಉಳಿದವು. 'ಸಣ್ಣ ಅಕ್ಷರದಲ್ಲಿ ಪೂರ್ತಿ ಹೆಸರು ಬೇಕಾ, ದೊಡ್ಡ ಅಕ್ಷರದಲ್ಲಿ ಅರ್ಧ ಹೆಸರು ಬೇಕಾ?' ಅಂತ ಕೇಳಿದರು. ಅವನು ಬಾಗಿಲಿಗೆ ಹೋಗಿ ಎಲೆ ಅಡಿಕೆ ಉಗಿದು ಬಂದ. 'ಅಕ್ಷರ ದೊಡ್ಡದೇ ಇರ್ಲಿ' ಅಂದ. ಅರ್ಧ ಹೆಸರು ಅಚ್ಚಾಯಿತು. ಆಮೇಲೆ ಊರೂರಿನಲ್ಲಿ ಮೈಕಿನಲ್ಲಿ ಕೂಗಿದ್ದೂ ಅದನ್ನೇ.

ಆ ಕಾರ್ಯಕ್ರಮದ ವರದಿ ಬರೆದುಕೊಂಡು ಹೋದಾಗ ನಮ್ಮ ಸಂಪಾದಕರು ಆ ಹೆಸರಿಗೆ ಕೆಂಪು ಸುತ್ತು ಹಾಕಿ, 'ಇದು ಎಲ್ಲಿಂದ ಬಂತು?' ಅಂದರು. ನಮ್ಮ ಮೊಳೆ ಪೆಟ್ಟಿಗೆಯಿಂದ ಅಂದೆ. ನಡೆದದ್ದನ್ನು ಪೂರ್ತಿ ಕೇಳಿದರು. ನಾನು ಬರೆದಿದ್ದ ರಾಗ, ತಾಳ, ಜನಸ್ತೋಮ ಎಲ್ಲ ಹೊಡೆದುಹಾಕಿ ಆ ಕಥೆಯನ್ನೇ ಬರೆಸಿದರು. ಅವರ ಬಾಯಲ್ಲಿ ಒಳ್ಳೆಯ ಮಾತು ಬರುತ್ತಿದ್ದುದು ಕಡಿಮೆ. ಅವತ್ತೂ ಬರಲಿಲ್ಲ. ಆದರೆ ಆ ವಾರ ಅದು ಮೊದಲ ಪುಟಕ್ಕೆ ಹೋಯಿತು.

ಮೂರನೇ ಪುಟದಲ್ಲಿ ಗೌಹರ್ ಜಾನ್ ಬಂದಿದ್ದಾರೆ. 'ಅಸಲಿ ಹೆಸರು ಆಂಜೆಲಿನಾ ಯೋವರ್ಡ್!' ಅಷ್ಟೇ. ಹೆಸರಿನ ವಿಷಯ ಬರೆಯುವವರು ಗೌಹರ್ ಜಾನ್ ಬಳಿ ಬಂದು ಒಂದೇ ಸಾಲಿಗೆ ಎದ್ದು ಹೋಗುವುದುಂಟೇ? ಅಪ್ಪ ಅಮ್ಮ ಬೇರೆಯಾದರು, ತಾಯಿ ಇಸ್ಲಾಂಗೆ ಸೇರಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಅಂದರೆ ಇದೂ ತಾಯಿಯ ಬದುಕು ತಿರುಗಿದಾಗ ಮಗುವಿಗೆ ಬಂದ ಹೆಸರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತನ್ನ ಹೆಸರು ಗೌಹರ್ ಜಾನ್ ಅಂತ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಅದು ಜಂಬಕ್ಕಲ್ಲ. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ಹಾಡು ಯಾರದ್ದು ಅಂತ ತಿಳಿಯಬೇಕಿತ್ತಲ್ಲ, ಅದಕ್ಕೆ. ಇದೇ ಹೆಂಗಸು 1928ರಲ್ಲಿ ನಮ್ಮ ಮೈಸೂರಿಗೆ ಆಸ್ಥಾನ ಕಲಾವಿದೆಯಾಗಿ ಬಂದರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಕನ್ನಡ ಓದುಗರಿಗೆ ಬರೆಯುವಾಗ ಇದನ್ನು ಬಿಡುತ್ತಾರೆಯೇ?

ಹಾಡಿನ ಕೊನೆಗೆ ಹೆಸರು ಹೇಳುವುದು ನಮಗೇನೂ ಹೊಸದಲ್ಲ. ದಾಸರ ಅಂಕಿತ ಇನ್ನೇನು? ಶ್ರೀನಿವಾಸ ನಾಯಕನಿಗೆ ವ್ಯಾಸರಾಯರಿಂದ ಅಂಕಿತ ಸಿಕ್ಕಿತು, ಹಾಡಿನ ಕೊನೆಗೆ ಪುರಂದರ ವಿಠಲ ಬಂದ. ಅದು ದೇವರ ಹೆಸರು. ಜನ ಹಾಡಿದವನನ್ನೇ ಆ ಹೆಸರಿನಿಂದ ಕರೆದರು. ಅವರು ನಮ್ಮ ತೀರ್ಥಹಳ್ಳಿ ಹತ್ತಿರದ ಆರಗದವರು ಅನ್ನುವ ವಾದವೂ ಇದೆ. ನಿಮ್ಮ ಪಟ್ಟಿಯಲ್ಲಿ ಲಂಡನ್ನಿನ ಐದು ಜನ ಇದ್ದಾರೆ, ಒಬ್ಬ ದಾಸರಿಲ್ಲ.

ಈಗ ನಾಲ್ಕನೇ ಪುಟ. ಇಷ್ಟುದ್ದ ಬರೆಯುತ್ತಿರುವುದೇ ಆ ಪುಟಕ್ಕಾಗಿ. ಎಲ್ಟನ್ ಜಾನ್‌ಗೂ ಲೇಡಿ ಗಾಗಾಗೂ ನಡುವೆ ಮೂರು ಸಾಲು ಸಿಕ್ಕಿಕೊಂಡಿವೆ. ನಿಮ್ಮ ಚಿಕ್ಕಪ್ಪ ಆರ್ಕೆಸ್ಟ್ರಾದಲ್ಲಿ ಬೇರೆ ಹೆಸರಿನಿಂದ ಹಾಡುತ್ತಿದ್ದರು. ಮನೆಗೆ ಫೋನ್ ಬಂದು ಯಾರಾದರೂ ಆ ಹೆಸರು ಹೇಳಿ ಕೇಳಿದರೆ ನಿಮ್ಮ ಅಜ್ಜಿ, 'ಆ ಹೆಸರಿನವರು ಇಲ್ಲಿ ಯಾರೂ ಇಲ್ಲ' ಅಂತ ಹೇಳಿ ಇಟ್ಟುಬಿಡುತ್ತಿದ್ದರು. ಮದುವೆ ಆದ ಮೇಲೆ ಚಿಕ್ಕಪ್ಪ ಹಾಡುವುದನ್ನು ಬಿಟ್ಟರು. ಮುಗಿಯಿತು. ಮುಂದಿನ ಸಾಲು ಲೇಡಿ ಗಾಗಾ!

ನಾನು ಅಲ್ಲೇ ನಿಂತುಬಿಟ್ಟೆ. ಆ ಹೆಸರು ಇಟ್ಟವರು ಯಾರು? ಆರ್ಕೆಸ್ಟ್ರಾ ಮಾಲೀಕರೋ, ಕೀಬೋರ್ಡಿನವರೋ, ಚಿಕ್ಕಪ್ಪನೇ ಯಾವುದೋ ಸಿನಿಮಾ ನೋಡಿಕೊಂಡು ಬಂದು ಇಟ್ಟುಕೊಂಡಿದ್ದೋ? ಅಜ್ಜಿಗೆ ಸಿಟ್ಟು ಹಾಡಿನ ಮೇಲೋ, ಹೆಸರಿನ ಮೇಲೋ? ಮನೆದೇವರ ಹೆಸರು ಬಿಟ್ಟ ಅಂತ ನೊಂದುಕೊಂಡಿದ್ದರಾ? ಫೋನ್ ಇದ್ದದ್ದು ಜಗಲಿಯಲ್ಲಾ, ನಡುಮನೆಯಲ್ಲಾ? ಅಜ್ಜಿ ಹಾಗೆ ಹೇಳುವಾಗ ಚಿಕ್ಕಪ್ಪ ಅಲ್ಲೇ ಕೂತಿರುತ್ತಿದ್ದರಾ? ಮಳೆಗಾಲದಲ್ಲಿ ನಮ್ಮ ಕಡೆ ಆರ್ಕೆಸ್ಟ್ರಾ ನಡೆಯುವುದಿಲ್ಲ. ಹಾಗಾದರೆ ಗಣಪತಿ ಹಬ್ಬದಿಂದ ಜಾತ್ರೆಗಳು ಮುಗಿಯುವವರೆಗೆ ಒಂದು ಹೆಸರು, ಮಳೆ ಹಿಡಿದ ಮೇಲೆ ತೋಟದಲ್ಲಿ ಇನ್ನೊಂದು ಹೆಸರು, ಹೀಗೇನಾದರೂ ಇತ್ತಾ? ಚಿಕ್ಕಮ್ಮ ಅವರನ್ನು ಮೊದಲು ನೋಡಿದ್ದು ಯಾವ ಹೆಸರಿನಲ್ಲಿ? ಹಳೇ ಸ್ನೇಹಿತರು ಈಗ ಸಂತೆಯಲ್ಲಿ ಸಿಕ್ಕರೆ ಏನಂತ ಕೂಗುತ್ತಾರೆ?

ಇವೆಲ್ಲ ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಸಿಗುತ್ತದೆ. ಸುಬ್ಬಣ್ಣ, ಕುಮಾರ ಗಂಧರ್ವ, ಗೌಹರ್ ಜಾನ್, ಈ ಮೂವರನ್ನು ಬೇಕಾದರೆ ಉಳಿಸಿಕೊಳ್ಳಿ, ಚಿಕ್ಕಪ್ಪನ ಕಥೆಗೆ ಆಸರೆಯಾಗುವಷ್ಟು ಮಾತ್ರ. ಮಿಕ್ಕವರನ್ನೆಲ್ಲ ಕಳಿಸಿಬಿಡಿ.

ಚಿಕ್ಕಪ್ಪನ ಹತ್ತಿರ ಕೂತು ಮಾತಾಡಿ, ಬರೆಯಲು ಒಪ್ಪಿಗೆ ಕೇಳಿ. ಅವರು ಒಪ್ಪದಿದ್ದರೆ ಊರು, ಹೆಸರು ಎರಡನ್ನೂ ಬಿಟ್ಟು ಬರೆಯಬಹುದು, ಆದರೆ ಅದನ್ನು ನನಗೆ ಮೊದಲೇ ತಿಳಿಸಬೇಕು. ಮುಂದಿನ ಸಂಚಿಕೆ ಆಗಲೇ ತುಂಬಿದೆ. ದೀಪಾವಳಿ ಸಂಚಿಕೆಗೆ ಸಾವಿರದ ಇನ್ನೂರು ಪದದೊಳಗೆ ಕಳಿಸಿ. ಅಟ್ಟದ ಮೇಲೆ ಹಳೇ ಹ್ಯಾಂಡ್‌ಬಿಲ್ ಏನಾದರೂ ಸಿಕ್ಕರೆ ಮಡಚದೆ ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇವೆ.

ಇಂತಿ,
ಸಂಪಾದಕ