ಎಂಜಿಬಿ ಕೊಳ್ಳುವ ಮುನ್ನ ಸಿಲ್ ನೋಡಿ

ನಮಸ್ಕಾರ. 1971ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ರೋಡ್‌ಸ್ಟರ್ (ತೆರೆದ ಮೇಲ್ಛಾವಣಿಯ) ಮಾದರಿಯೊಂದನ್ನು ನೋಡಿ ಬಂದಿರುವುದಾಗಿಯೂ, ಬಣ್ಣ ಹೊಸದಾಗಿದ್ದು ಎಂಜಿನ್ ಒಂದೇ ಸಲಕ್ಕೆ ಶುರುವಾಯಿತೆಂದೂ ಬರೆದು, ಇನ್ನೇನು ಪರೀಕ್ಷಿಸಬೇಕು, ಮೆಕ್ಯಾನಿಕ್ ಅಲ್ಲದವರು ಇದನ್ನು ನೋಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಇಲ್ಲಿ ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷಗಳಿಂದ ಇದೇ ಮಾದರಿಯ ಕಾರನ್ನು ಓಡಿಸುತ್ತಿದ್ದೇನೆ. ನಿಮಗೆ ಮೆಚ್ಚುಗೆಯಾದ ಆ ಎರಡೂ ಸಂಗತಿಗಳನ್ನು ಕೊನೆಗೆ ನೋಡಿದರೆ ಸಾಕು.

ಈ ಕಾರಿಗೆ ಪ್ರತ್ಯೇಕ ಚಾಸಿ (ಭಾರ ಹೊರುವ ಕೆಳಚೌಕಟ್ಟು) ಇಲ್ಲ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಲ್ಲ ಎಂಜಿಬಿಗಳಲ್ಲೂ ಬಾಡಿಯೇ ಭಾರ ಹೊರುತ್ತದೆ. ರೋಡ್‌ಸ್ಟರ್‌ಗೆ ಗಟ್ಟಿ ಮೇಲ್ಛಾವಣಿಯ ಆಸರೆಯೂ ಇಲ್ಲದಿರುವುದರಿಂದ, ಬಾಗಿಲಿನ ಕೆಳಗೆ ಹೊಸ್ತಿಲಿನಂತೆ ಹಾದುಹೋಗುವ ಸಿಲ್‌ಗಳ ಮೇಲೆಯೇ ಇಡೀ ಕಾರಿನ ಬಿಗಿ ನಿಂತಿರುತ್ತದೆ. ಹೊರಗೆ ಕಾಣುವ ತಗಡಿನ ಒಳಗೆ ಬೇರೆ ಪದರಗಳಿದ್ದು, ತುಕ್ಕು ಅಲ್ಲಿಂದಲೇ ಹೊರಕ್ಕೆ ಬರುತ್ತದೆ. ನನ್ನ ಕಾರಿನಲ್ಲಿ ಹಿಂದಿನ ಯಾರೋ ರಿಪೇರಿಯವರು ಕೊಳೆತ ಪದರಗಳನ್ನು ಹಾಗೆಯೇ ಬಿಟ್ಟು ಮೇಲೊಂದು ಹೊಸ ತಗಡನ್ನು ವೆಲ್ಡ್ ಮಾಡಿ ಬಣ್ಣ ಬಳಿದಿದ್ದರು. ಮೂರನೆಯ ವರ್ಷ ಒಂದು ಪಕ್ಕಕ್ಕೆ ಜ್ಯಾಕ್ ಕೊಟ್ಟಾಗ ಆ ಬದಿಯ ಬಾಗಿಲು ತೆರೆಯಲೇ ಇಲ್ಲ. ಅದನ್ನು ಸರಿಪಡಿಸಲು ಕಾರಿಗೆ ಕೊಟ್ಟ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು.

ಆದ್ದರಿಂದ ಮಾರುವವರ ಒಪ್ಪಿಗೆ ಪಡೆದು ಜ್ಯಾಕ್ ಕೊಟ್ಟು ನೋಡಿ. ಬಾಗಿಲಿನ ಸುತ್ತಲಿನ ಸಂದು ಬದಲಾದರೆ ಅಲ್ಲಿಗೇ ಮಾತು ನಿಲ್ಲಿಸಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ ಮತ್ತು ಚಕ್ರದ ಕಮಾನುಗಳ ಉದ್ದಕ್ಕೂ ಆಡಿಸಿದರೆ ಅದು ಅಂಟದಿರುವ ಕಡೆ ಪುಟ್ಟಿ ತುಂಬಿದೆಯೆಂದು ತಾನಾಗಿ ತಿಳಿಯುತ್ತದೆ. ಸೀಟುಗಳ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕೂರುವ ತೊಟ್ಟಿಗಳನ್ನೂ ನೋಡಿ. ಆ ವರ್ಷದ ಕಾರುಗಳಿಗೆ ಆರು ವೋಲ್ಟಿನ ಎರಡು ಬ್ಯಾಟರಿಗಳಿದ್ದವು. ಈಗ ಹಲವರು ಹನ್ನೆರಡು ವೋಲ್ಟಿನ ಒಂದನ್ನೇ ಇಟ್ಟುಕೊಂಡಿದ್ದಾರೆ, ಅದು ದೋಷವಲ್ಲ.

1798 ಸಿಸಿಯ ಎಂಜಿನ್ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ಚೆನ್ನಾಗಿ ಬಿಸಿಯಾದ ಮೇಲೆ, ಓಡುವಾಗ ಆಯಿಲ್ ಒತ್ತಡ 50 ಪಿಎಸ್‌ಐಗಿಂತ ಕೆಳಗಿಳಿಯದಿದ್ದರೆ ಸಾಕು. ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇದ್ದರೆ ಮೂರನೆಯ ಮತ್ತು ನಾಲ್ಕನೆಯ ಗೇರ್‌ಗಳೆರಡರಲ್ಲೂ ಹಾಕಿ ನೋಡಿ. ಹೆದ್ದಾರಿಯ ಪ್ರಯಾಣವನ್ನು ಹಿತವಾಗಿಸುವುದು ಅದೊಂದೇ. ಎಂಜಿನ್ನಿನ ಕವಾಟಗಳು (ವಾಲ್ವ್) ಕೂರುವ ಸೀಟುಗಳನ್ನು ಸೀಸವಿಲ್ಲದ ಪೆಟ್ರೋಲಿಗೆ ತಕ್ಕಂತೆ ಬದಲಾಯಿಸಲಾಗಿದೆಯೇ ಎಂದು ಕೇಳಿ. 2021ರಿಂದ ಇಲ್ಲಿನ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆಸಿದ್ದು. ಅದರಲ್ಲಿರುವ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುವುದರಿಂದ, ಪೈಪುಗಳನ್ನು ಹೊಸದಾಗಿ ಹಾಕಿಸಿ, ದುಬಾರಿಯಾದರೂ ಎಥನಾಲ್ ಕಡಿಮೆಯಿರುವ ಇ5 ತುಂಬಿಸಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಖಂಡಿತ ನೋಡಿಕೊಳ್ಳಬಹುದು, ನಾನೂ ಸ್ಪ್ಯಾನರ್ ಹಿಡಿದದ್ದು ಈ ಕಾರು ಬಂದ ಮೇಲೆಯೇ. ಮೂರು ಸಾವಿರ ಮೈಲಿಗೊಮ್ಮೆ 20ಡಬ್ಲ್ಯೂ-50 ದರ್ಜೆಯ ಎಂಜಿನ್ ಆಯಿಲ್ ಬದಲಿಸುವುದು, ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಅವು ಪಕ್ಕಕ್ಕೆ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಗ್ರೀಸ್ ತುಂಬುವುದು, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳ ಮೇಲಿನ ಕೊಳವೆಯಲ್ಲಿ ಎಣ್ಣೆ ಇದೆಯೇ ನೋಡುವುದು: ಇವು ಒಂದು ಭಾನುವಾರದ ಬೆಳಗಿನ ಕೆಲಸ. ಗ್ರೀಸ್ ಮಾತ್ರ ಎಂದೂ ತಪ್ಪಿಸಬೇಡಿ, ಕಿಂಗ್‌ಪಿನ್ ಸವೆದ ಮೇಲೆ ಸ್ಟೀರಿಂಗ್ ಮೊದಲಿನಂತೆ ಇರುವುದಿಲ್ಲ. ದೀಪ ಮಂಕಾದರೆ ಹೊಸ ಭಾಗ ಕೊಳ್ಳುವ ಮೊದಲು ಬಾಡಿಗೆ ಜೋಡಿಸಿದ ಅರ್ಥ್ (ಭೂಸಂಪರ್ಕ) ವೈರುಗಳ ತುದಿಯನ್ನು ಉಜ್ಜಿ ಶುಚಿ ಮಾಡಿ. ನನ್ನ ಕಾರಿನ ಬಹುಪಾಲು ವಿದ್ಯುತ್ ತೊಂದರೆಗಳು ಅಷ್ಟರಲ್ಲೇ ಸರಿಹೋಗಿವೆ. ಬಿಡಿಭಾಗಗಳ ಚಿಂತೆಯೂ ಬೇಡ: ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಲ್ಲೇ ಇದರ ಇಡೀ ಬಾಡಿಶೆಲ್ಲನ್ನು ಹೊಸದಾಗಿ ತಯಾರಿಸಲು ಆರಂಭಿಸಿತು.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿದಿರುವಾಗ ಹೊರಗೆ ತೆಗೆಯಬೇಡಿ. ಹಾಗೆಂದು ಶೆಡ್ಡಿನಲ್ಲೇ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದೂ ಬೇಡ, ಏಕೆಂದರೆ ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲೂ ಸೈಲೆನ್ಸರಿನಲ್ಲೂ ನೀರು ನಿಲ್ಲುತ್ತದೆ. ಜೋರು ಮಳೆ ಉಪ್ಪನ್ನು ತೊಳೆದ ನಂತರ ಒಣಹವೆಯ ದಿನವೊಂದು ಸಿಕ್ಕರೆ, ಇಪ್ಪತ್ತು ಮೈಲಿ ಓಡಿಸಿ ತನ್ನಿ.

ಮುಂದಿನ ಸಲ ಹೋದಾಗ ಸಿಲ್‌ನ ಕೆಳಭಾಗದ ಚಿತ್ರಗಳನ್ನು ಎರಡೂ ಬದಿಯಿಂದ ತೆಗೆದು ಇಲ್ಲಿ ಹಾಕಿ. ವೆಲ್ಡಿಂಗ್ ಹೇಗಿದೆಯೆಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.