9.6 ವೆಬರ್ ಬಂದಿದ್ದು ಎಲ್ಲಿಂದ: ಟ್ರಾನ್ಸ್‌ಫಾರ್ಮರ್ ಸುತ್ತುವ ಮುಂಚೆ ಯೂನಿಟ್ ಲೆಕ್ಕ

ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟಿಗೆ ಎಷ್ಟು ಸುತ್ತು ಬೇಕು ಅಂತ ನೀವು ಹಾಕಿದ ಲೆಕ್ಕವನ್ನು ಎರಡು ಸಲ ಕೂತು ನೋಡಿದೆ. ಕೋರ್‌ನ (ತಂತಿ ಸುತ್ತುವ ಕಬ್ಬಿಣದ ತಿರುಳು) ನಡುಗಾಲಿನ ಅಡ್ಡಕೊಯ್ತ 8 ಚದರ ಸೆಂ.ಮೀ., ಅದರಲ್ಲಿ ಹಾಯುವ ಕಾಂತೀಯ ಫ್ಲಕ್ಸ್‌ನ ಸಾಂದ್ರತೆ 1.2 ಟೆಸ್ಲಾ, ಫ್ರೀಕ್ವೆನ್ಸಿ 50 ಹರ್ಟ್ಸ್. 1.2 ಮತ್ತು 8 ಗುಣಿಸಿ ಒಟ್ಟು ಫ್ಲಕ್ಸ್ 9.6 ವೆಬರ್ (ಫ್ಲಕ್ಸ್ ಅಳೆಯುವ ಯೂನಿಟ್) ಅಂತ ಬರೆದಿದ್ದೀರಿ. ಹಾಗಾಗಿ ಒಂದು ವೋಲ್ಟಿಗೆ ಅರ್ಧ ಸುತ್ತೂ ಬೇಡ ಅನ್ನೋ ಉತ್ತರ ಬಂದಿದೆ. ಹಳೇ ಪುಸ್ತಕದ ಸೂತ್ರದಲ್ಲಿರುವ ‘10ರ ಘಾತ ಮೈನಸ್ 8’ ಬಿಟ್ಟಿದ್ದಕ್ಕೆ ಹೀಗಾಯಿತೇ ಎಂದು ಕೇಳಿದ್ದೀರಿ. ಅದಲ್ಲ. ವೆಬರ್‌ನಲ್ಲಿ ಲೆಕ್ಕ ಹಾಕುವಾಗ ಅದನ್ನು ಬಿಡಲೇಬೇಕು. ತಪ್ಪಿದ್ದು ಅದಕ್ಕೂ ಒಂದು ಹೆಜ್ಜೆ ಮೊದಲು.

ಟೆಸ್ಲಾ ಅಂದರೆ ಒಂದು ಚದರ ಮೀಟರಿಗೆ ಒಂದು ವೆಬರ್. ನೀವು ಗುಣಿಸಿದ್ದು ಚದರ ಸೆಂಟಿಮೀಟರಿನಲ್ಲಿ. ಒಂದು ಚದರ ಮೀಟರಿನಲ್ಲಿ 10,000 ಚದರ ಸೆಂ.ಮೀ. ಇವೆ. ಹಾಗಾಗಿ ನಿಮ್ಮ 8 ಅನ್ನು 0.0008 ಮಾಡಿಕೊಂಡು ಗುಣಿಸಿ: 1.2 × 0.0008 = 0.00096 ವೆಬರ್, ಅಂದರೆ 0.96 ಮಿಲಿವೆಬರ್. ಕೈಯಲ್ಲಿ ಹಿಡಿಯುವಂಥ ಟ್ರಾನ್ಸ್‌ಫಾರ್ಮರ್‌ನಲ್ಲಿ ಫ್ಲಕ್ಸ್ ಮಿಲಿವೆಬರ್ ಆಸುಪಾಸಿನಲ್ಲೇ ಇರುತ್ತದೆ. ಇಡೀ ವೆಬರ್ ಲೆಕ್ಕದಲ್ಲಿ ಉತ್ತರ ಬಂದರೆ ತಂತಿ ಮುಟ್ಟುವ ಮುಂಚೆ ವಿಸ್ತೀರ್ಣದ ಯೂನಿಟ್ ನೋಡಿ.

ಇದನ್ನೇ ಹಳೇ ಪದ್ಧತಿಯಲ್ಲಿ ಮಾಡಿ ತಾಳೆ ನೋಡೋಣ. 1 ಟೆಸ್ಲಾಗೆ 10,000 ಗೌಸ್, ಆದ್ದರಿಂದ 1.2 ಟೆಸ್ಲಾ ಅಂದರೆ 12,000 ಗೌಸ್. ಗೌಸ್ ಅಂದರೆ ಒಂದು ಚದರ ಸೆಂ.ಮೀ.ಗೆ ಒಂದು ಮ್ಯಾಕ್ಸ್‌ವೆಲ್ (ಹಳೇ ಪದ್ಧತಿಯ ಫ್ಲಕ್ಸ್ ಯೂನಿಟ್). ಇಲ್ಲಿ 8 ಅನ್ನು ಹಾಗೇ ಬಳಸಬಹುದು: 96,000 ಮ್ಯಾಕ್ಸ್‌ವೆಲ್. ಒಂದು ವೆಬರ್‌ಗೆ 10 ಕೋಟಿ ಮ್ಯಾಕ್ಸ್‌ವೆಲ್. 96,000 ಅನ್ನು 10 ಕೋಟಿಯಿಂದ ಭಾಗಿಸಿದರೆ ಅದೇ 0.00096.

ಆ 10 ಕೋಟಿ ಎಲ್ಲಿಂದ ಬಂತು ಅನ್ನೋದು ಒಮ್ಮೆ ತಲೆಗೆ ಹೋದರೆ ಸಾಕು, ಬಾಯಿಪಾಠ ಬೇಡ. ಗೌಸ್‌ನಿಂದ ಟೆಸ್ಲಾಗೆ ಒಂದು 10,000, ಚದರ ಸೆಂಟಿಮೀಟರಿನಿಂದ ಚದರ ಮೀಟರಿಗೆ ಇನ್ನೊಂದು 10,000. ಎರಡೂ ಸೇರಿ 10 ಕೋಟಿ. ನೀವು ಮೊದಲನೆಯದನ್ನು ಬದಲಾಯಿಸಿ ಎರಡನೆಯದನ್ನು ಹಾಗೇ ಬಿಟ್ಟಿರಿ, ಅದಕ್ಕೇ ಉತ್ತರ ಸರಿಯಾಗಿ 10,000 ಪಟ್ಟು ಹೆಚ್ಚಾಯಿತು. ಸೂತ್ರದಲ್ಲಿದ್ದ ಮೈನಸ್ 8 ಕೂಡ ಇದೇ 10 ಕೋಟಿ. ಫ್ಲಕ್ಸ್ ಮ್ಯಾಕ್ಸ್‌ವೆಲ್‌ನಲ್ಲಿದ್ದರೆ ಅದು ಬೇಕು, ವೆಬರ್‌ನಲ್ಲಿದ್ದರೆ ಬೇಡ.

ಹಳೇ ಪುಸ್ತಕಗಳಲ್ಲಿ ಇನ್ನೂ ಕೆಲವು ಹೆಸರು ಸಿಗುತ್ತವೆ. ‘ಲೈನ್’ ಅಂದರೆ ಮ್ಯಾಕ್ಸ್‌ವೆಲ್ಲೇ, ಕಿಲೋಲೈನ್ ಅಂದರೆ ಸಾವಿರ ಮ್ಯಾಕ್ಸ್‌ವೆಲ್. ಟೆಸ್ಲಾ ಅನ್ನೋ ಹೆಸರು ಅಧಿಕೃತವಾಗಿ ಬಂದದ್ದು 1960ರಲ್ಲಿ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ‘ವೆಬರ್ ಪ್ರತಿ ಚದರ ಮೀಟರ್’ ಅಂತಿದ್ದರೆ ಟೆಸ್ಲಾ ಎಂದೇ ಓದಿಕೊಳ್ಳಿ. ಜಾಗ್ರತೆ ಬೇಕಾದದ್ದು ‘ಕಿಲೋಲೈನ್ ಪ್ರತಿ ಚದರ ಇಂಚು’ ಕಂಡಾಗ. ಒಂದು ಚದರ ಇಂಚು ಅಂದರೆ 6.4516 ಚದರ ಸೆಂ.ಮೀ., ಹಾಗಾಗಿ ಅಂಥ ಒಂದು ಕಿಲೋಲೈನ್ 155 ಗೌಸ್ ಆಗುತ್ತದೆ. ಪುಸ್ತಕದಲ್ಲಿ 75 ಅಂತಿದ್ದರೆ ಸುಮಾರು 1.16 ಟೆಸ್ಲಾ.

ಈಗ ಸುತ್ತಿನ ಲೆಕ್ಕ. ವೋಲ್ಟ್ = 4.44 × ಹರ್ಟ್ಸ್ × ಸುತ್ತು × ವೆಬರ್. ವೋಲ್ಟ್ ಆರ್‌ಎಂಎಸ್ (ಎಸಿ ವೋಲ್ಟೇಜಿನ ಪರಿಣಾಮಕಾರಿ ಬೆಲೆ, ಮೀಟರ್ ತೋರಿಸುವುದು), ವೆಬರ್ ಮಾತ್ರ ಗರಿಷ್ಠ ಬೆಲೆ. 0.96 ಮಿಲಿವೆಬರ್ ಹಾಕಿದರೆ ವೋಲ್ಟಿಗೆ 4.69 ಸುತ್ತು. ಆದರೆ ಕೋರ್ ಕಟ್ಟುವ ತೆಳು ಕಬ್ಬಿಣದ ಪಟ್ಟಿಗಳ ನಡುವೆ ವಾರ್ನಿಷ್ ಮತ್ತು ಸಂದಿ ಇರುವುದರಿಂದ 8 ಚದರ ಸೆಂ.ಮೀ. ಪೂರ್ತಿ ಕಬ್ಬಿಣವಲ್ಲ. ನಾನು 0.95ರಿಂದ ಗುಣಿಸಿ 7.6 ಅಂತ ಹಿಡಿಯುತ್ತೇನೆ. ಆಗ 4.94 ಬರುತ್ತದೆ. ನೀವು ವೋಲ್ಟಿಗೆ 5 ಸುತ್ತು ಹಾಕಿ, 12 ವೋಲ್ಟ್ ಸೆಕೆಂಡರಿಗೆ (ವೋಲ್ಟೇಜ್ ಹೊರಗೆ ಕೊಡುವ ಸುರುಳಿ) 60. ಲೋಡ್ ಹಾಕಿದಾಗ ವೋಲ್ಟೇಜ್ ಇಳಿಯುವುದಕ್ಕೆ ಮೂರು ನಾಲ್ಕು ಸುತ್ತು ಜಾಸ್ತಿ ಇರಲಿ.

ವೆಬರ್ ಅಂದರೆ ಏನೆಂದು ನನಗೆ ನಿಜವಾಗಿ ಅರ್ಥವಾದದ್ದು ಒಂದು ಮ್ಯಾಗ್ನೆಟ್‌ನಿಂದ. ಒಂದು ವೆಬರ್ ಅಂದರೆ ಒಂದು ವೋಲ್ಟ್-ಸೆಕೆಂಡ್. ತೆಳು ತಂತಿಯಲ್ಲಿ 100 ಸುತ್ತಿನ ಚಿಕ್ಕ ಕಾಯಿಲ್ ಮಾಡಿ, ಒಳಗೆ ಮ್ಯಾಗ್ನೆಟ್ ಇಟ್ಟು, ಆಸಿಲೋಸ್ಕೋಪಿಗೆ ಜೋಡಿಸಿ ಮ್ಯಾಗ್ನೆಟ್ ಅನ್ನು ದೂರಕ್ಕೆ ಎಳೆಯಿರಿ. ಜೋರಾಗಿ ಎಳೆದರೆ ಎತ್ತರದ, ಕಿರಿದಾದ ಗುಡ್ಡ ಕಾಣುತ್ತದೆ. ಮೆಲ್ಲಗೆ ಎಳೆದರೆ ತಗ್ಗಾದ, ಉದ್ದದ ಗುಡ್ಡ. ಗುಡ್ಡದ ಕೆಳಗಿನ ವಿಸ್ತೀರ್ಣ ಮಾತ್ರ ಎರಡು ಸಲವೂ ಒಂದೇ. ಅದು 20 ಮಿಲಿವೋಲ್ಟ್-ಸೆಕೆಂಡ್ ಬಂತು ಅನ್ನಿ. 100 ಸುತ್ತಿನಿಂದ ಭಾಗಿಸಿದರೆ 0.2 ಮಿಲಿವೆಬರ್, ಅಂದರೆ 20,000 ಮ್ಯಾಕ್ಸ್‌ವೆಲ್. ಸುತ್ತಿನಿಂದ ಭಾಗಿಸುವುದನ್ನು ಮರೆಯಬೇಡಿ, ಅಲ್ಲೂ ತುಂಬ ಜನ ತಪ್ಪುತ್ತಾರೆ.

ನಿಮ್ಮ ಕೋರ್‌ಗೂ ಇದೇ ಪರೀಕ್ಷೆ ಮಾಡಬಹುದು. ಪ್ರೈಮರಿ (ಕರೆಂಟ್ ಕೊಡುವ ಕಡೆಯ ಸುರುಳಿ) ಮುಗಿದು ಪಟ್ಟಿ ತುಂಬಿದ ಮೇಲೆ, ಇನ್ಸುಲೇಷನ್ ಇರುವ ತಂತಿಯಲ್ಲಿ ಮೇಲಿಂದ 10 ಸುತ್ತು ಹಾಕಿ. ಮೊದಲು ಸೀರೀಸ್ ಬಲ್ಬ್ (ಪ್ರೈಮರಿಯ ಜೊತೆ ಸಾಲಾಗಿ ಸೇರಿಸಿದ ಬಲ್ಬ್) ಮೂಲಕವೇ ಕರೆಂಟ್ ಕೊಡಿ. ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಬಲ್ಬ್ ತೆಗೆದು ಆ 10 ಸುತ್ತಿಗೆ ಮೀಟರ್ ಹಿಡಿಯಿರಿ. 2 ವೋಲ್ಟ್ ತೋರಿಸಿದರೆ ಕೋರ್‌ನಲ್ಲಿ 0.9 ಮಿಲಿವೆಬರ್ ಇದೆ. ಅದನ್ನು 0.00076 ಚದರ ಮೀಟರಿನಿಂದ ಭಾಗಿಸಿ, 1.2 ಟೆಸ್ಲಾಗೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ಬಂದ ರೀಡಿಂಗ್ ಇಲ್ಲಿ ಹಾಕಿ, ನೋಡುತ್ತೇನೆ.